ಚಾವಣಿಯ ದೀಪಗಳು ಬರೆದ ಚಿತ್ರ: ಫ್ಲ್ಯಾಶ್ ಇಲ್ಲದ ಒಳಾಂಗಣ ಕ್ರೀಡಾ ಛಾಯಾಗ್ರಹಣದ ಚರಿತ್ರೆ

ಒಳಾಂಗಣ ಕ್ರೀಡಾಂಗಣಗಳಲ್ಲಿ ಫ್ಲ್ಯಾಶ್ ಬಳಸದೆ ತೆಗೆದ ಚಿತ್ರಗಳ ಚರಿತ್ರೆಯನ್ನು ಬಹುಮಟ್ಟಿಗೆ ಕ್ಯಾಮೆರಾ ಕಂಪನಿಗಳ ಚರಿತ್ರೆಯಾಗಿಯೇ ಹೇಳುವುದು ರೂಢಿ. ಯಾವ ವರ್ಷ ಯಾವ ಲೆನ್ಸ್ ಬಂತು, ಯಾವ ಫಿಲ್ಮ್ ಎಷ್ಟು ವೇಗದ್ದು, ಯಾವ ಸೆನ್ಸರ್ ಎಷ್ಟು ಐಎಸ್‌ಒ ತಾಳಿಕೊಂಡಿತು ಎಂಬ ವಿವರಗಳು ಅದರಲ್ಲಿ ಧಾರಾಳವಾಗಿ ಸಿಗುತ್ತವೆ. ಆದರೆ ಚಾವಣಿಯಲ್ಲಿ ಎಂಥ ದೀಪವಿತ್ತು, ಅದನ್ನು ಅಲ್ಲಿ ಕಟ್ಟಿಸಿದವರು ಯಾರು, ಅದು ಸೆಕೆಂಡಿಗೆ ಎಷ್ಟು ಸಲ ಮಿನುಗುತ್ತಿತ್ತು ಎಂಬ ಪ್ರಶ್ನೆಗಳು ಆ ಕಥನದಲ್ಲಿ ಏಳುವುದೇ ಅಪರೂಪ. ಕತ್ತಲ ಒಳಾಂಗಣವನ್ನು ಛಾಯಾಗ್ರಾಹಕನಿಗೆ ತೆರೆದುಕೊಟ್ಟದ್ದರಲ್ಲಿ ಕ್ಯಾಮೆರಾದಷ್ಟೇ ಪಾಲು ಕ್ರೀಡಾಂಗಣದ ದೀಪಕ್ಕೂ, ಆ ದೀಪವನ್ನು ಬೇಡಿದ ಟೆಲಿವಿಷನ್ನಿಗೂ ಇದೆ ಎಂಬುದು ಈ ಲೇಖನದ ವಾದ.

ವಾದಕ್ಕೆ ಆಧಾರವಾಗಿ ಒಂದು ಸರಳ ಲೆಕ್ಕವನ್ನು ಮೊದಲೇ ಇಟ್ಟುಕೊಳ್ಳೋಣ. ಆಟದ ಅಂಕಣದ ಮೇಲೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಆ ಲಕ್ಸ್ ಪ್ರಮಾಣವನ್ನು ಫಿಲ್ಮಿನ ವೇಗದಿಂದ, ಅಂದರೆ ಐಎಸ್‌ಒ ಸಂಖ್ಯೆಯಿಂದ, ಗುಣಿಸಿ 250ರಿಂದ ಭಾಗಿಸಬೇಕು. ಲೆನ್ಸಿನ ಅಪರ್ಚರ್ ಸಂಖ್ಯೆಯ ವರ್ಗವನ್ನು ಹೀಗೆ ಬಂದ ಸಂಖ್ಯೆಯಿಂದ ಭಾಗಿಸಿದರೆ ಶಟರ್ ಎಷ್ಟು ಸೆಕೆಂಡು ತೆರೆದಿರಬೇಕೆಂಬುದು ಸಿಗುತ್ತದೆ. 500 ಲಕ್ಸ್ ಬೆಳಕು, 400 ವೇಗದ ಫಿಲ್ಮ್, ಎಫ್/2.8 ಲೆನ್ಸ್ ಇದ್ದರೆ ಉತ್ತರ ಸೆಕೆಂಡಿನ 100ನೇ ಒಂದು ಭಾಗ. ಒಳಾಂಗಣ ಕ್ರೀಡೆಯ ವೇಗಕ್ಕೆ ಅದು ಏನೇನೂ ಸಾಲದು. 2023ರ ಏಪ್ರಿಲ್‌ನಲ್ಲಿ ಜಪಾನಿನ ಸೋಕಾದಲ್ಲಿರುವ ಯೋನೆಕ್ಸ್ ಕಾರ್ಖಾನೆಯ ಜಿಮ್ನೇಷಿಯಂನಲ್ಲಿ ಬ್ಯಾಡ್ಮಿಂಟನ್ ಆಟಗಾರ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಹೊಡೆದ ಸ್ಮ್ಯಾಷ್ ಗಂಟೆಗೆ 565 ಕಿ.ಮೀ. ವೇಗದ ಗಿನ್ನೆಸ್ ದಾಖಲೆಯಾಯಿತು. ರಾಕೆಟ್ ಬಿಟ್ಟ ಕ್ಷಣದ ಆ ವೇಗದಲ್ಲಿ ಶಟಲ್ ಸೆಕೆಂಡಿನ 100ನೇ ಒಂದು ಭಾಗದಲ್ಲಿ ಒಂದೂವರೆ ಮೀಟರ್ ದಾಟುತ್ತದೆ. 1000ನೇ ಒಂದು ಭಾಗದಲ್ಲಿಯೂ ಸುಮಾರು 16 ಸೆಂ.ಮೀ. ಸರಿಯುತ್ತದೆ, ಅಂದರೆ ತನ್ನ ಉದ್ದದ ಹೆಚ್ಚುಕಡಿಮೆ ಎರಡರಷ್ಟು.

ನಿಂತವರನ್ನು ಹಿಡಿದ ಮೊದಲ ಲೆನ್ಸ್‌ಗಳು

1924ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಎರ್ನೆಮನ್ ಕಂಪನಿ ಎರ್ಮಾನಾಕ್ಸ್ ಎಂಬ ಪುಟ್ಟ ಪ್ಲೇಟ್ ಕ್ಯಾಮೆರಾವನ್ನು ಹೊರತಂದಿತು. ಲುಡ್ವಿಗ್ ಬರ್ಟೆಲೆ ವಿನ್ಯಾಸ ಮಾಡಿದ ಅದರ ಎರ್ನೊಸ್ಟಾರ್ ಲೆನ್ಸ್ ಎಫ್/2ರಷ್ಟು ಅಗಲವಾಗಿ ತೆರೆಯುತ್ತಿತ್ತು. ಅಂದಿಗೆ ಅದು ಅಚ್ಚರಿ. 1928ರಿಂದ ಎರಿಕ್ ಸಾಲೊಮನ್ ಇದೇ ಕ್ಯಾಮೆರಾ ಹಿಡಿದು ನ್ಯಾಯಾಲಯಗಳನ್ನೂ ರಾಜತಾಂತ್ರಿಕರ ಸಭೆಗಳನ್ನೂ ಫ್ಲ್ಯಾಶ್ ಇಲ್ಲದೆ ಚಿತ್ರಿಸಿದರು. ಮೆಗ್ನೀಸಿಯಂ ಪುಡಿಯ ಹೊಗೆಯಾಗಲಿ ಸದ್ದಾಗಲಿ ಇಲ್ಲದ ಕಾರಣ ಅವರ ಚಿತ್ರಗಳಲ್ಲಿ ಜನ ತಮ್ಮ ಪಾಡಿಗೆ ತಾವಿರುತ್ತಾರೆ. ಆದರೆ ಪ್ಲೇಟುಗಳು ನಿಧಾನದವು. ಕ್ಯಾಮೆರಾವನ್ನು ಎಷ್ಟೋ ಸಲ ಸ್ಟ್ಯಾಂಡಿನ ಮೇಲಿಟ್ಟು, ಕೂತವರು ಅಲುಗಾಡದ ಗಳಿಗೆಯನ್ನು ಕಾಯಬೇಕಿತ್ತು. ಒಳಾಂಗಣದ ಸಹಜ ಬೆಳಕಿನ ಛಾಯಾಗ್ರಹಣ ರಾಜಕಾರಣಿಗಳಿಂದ ಶುರುವಾಯಿತೇ ಹೊರತು ಆಟಗಾರರಿಂದಲ್ಲ ಎಂಬುದಕ್ಕೆ ಕಾರಣ ಇಷ್ಟೇ: ಆಟಗಾರರು ನಿಲ್ಲುವುದಿಲ್ಲ.

1925ರ ಲೈಕಾ, 1932ರ ಕಾಂಟಾಕ್ಸ್ ಬಂದ ಮೇಲೆ 35 ಮಿ.ಮೀ. ಫಿಲ್ಮ್ ಪತ್ರಿಕಾ ಛಾಯಾಗ್ರಾಹಕರ ಕೈಗೆ ಬಂತು. 1936ರ ಬರ್ಲಿನ್ ಒಲಿಂಪಿಕ್ಸ್‌ಗೆಂದೇ ಝೈಸ್ ಕಂಪನಿ ಕಾಂಟಾಕ್ಸ್‌ಗೆ 180 ಮಿ.ಮೀ. ಎಫ್/2.8ರ ದೊಡ್ಡ ಸೊನ್ನಾರ್ ಲೆನ್ಸ್ ಸಿದ್ಧಪಡಿಸಿತು. ಇಂದಿಗೂ ಅದಕ್ಕೆ ಒಲಿಂಪಿಯಾ ಸೊನ್ನಾರ್ ಎಂಬ ಹೆಸರೇ ಇದೆ. ಅದೇ ವರ್ಷ ಆಗ್ಫಾ ಕಂಪನಿಯ ರಾಬರ್ಟ್ ಕೊಸ್ಲೊವ್ಸ್ಕಿ, ಫಿಲ್ಮಿನ ಲೇಪಕ್ಕೆ ಚಿನ್ನದ ಲವಣವನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸಿದರೆ ಅದರ ಬೆಳಕುಗ್ರಾಹಿ ಶಕ್ತಿ ಹಲವು ಪಟ್ಟು ಹೆಚ್ಚುತ್ತದೆಂದು ಕಂಡುಕೊಂಡರು. ಲೆನ್ಸ್ ಮತ್ತು ಫಿಲ್ಮ್ ಎರಡೂ ಒಟ್ಟಿಗೆ ಮುಂದೆ ಬಂದ ವರ್ಷವದು. ಆದರೂ ಬರ್ಲಿನ್ನಿನ ಡಾಯ್ಚ್‌ಲಾಂಡ್‌ಹಾಲೆಯ ಛಾವಣಿಯಡಿ ನಡೆದ ಕುಸ್ತಿ, ಬಾಕ್ಸಿಂಗ್‌ಗಳಿಗಿಂತ ಹೊರಗಿನ ಬಿಸಿಲಿನ ಮೈದಾನದ ಚಿತ್ರಗಳೇ ಆ ಕೂಟದ ನೆನಪಾಗಿ ಉಳಿದವು.

ಇದೇ ಹೊತ್ತಿನಲ್ಲಿ ನ್ಯೂಯಾರ್ಕಿನಲ್ಲಿ ಇನ್ನೊಂದು ಹಾದಿ ತೆರೆಯಿತು. ಕ್ರೀಡಾ ಛಾಯಾಗ್ರಹಣದ ಚರಿತ್ರೆಕಾರರು ಅದನ್ನು ಗಮನಿಸಬೇಕಾದಷ್ಟು ಗಮನಿಸಿಲ್ಲ. ರಷ್ಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಿನ್ಯಾಸಕಾರ ಅಲೆಕ್ಸಿ ಬ್ರೊಡೊವಿಚ್ 1935ರಿಂದ 1937ರ ನಡುವೆ ಬ್ಯಾಲೆ ತಂಡಗಳ ಪ್ರದರ್ಶನಗಳನ್ನು 35 ಮಿ.ಮೀ. ಕ್ಯಾಮೆರಾದಲ್ಲಿ, ಫ್ಲ್ಯಾಶ್ ಇಲ್ಲದೆ, ವೇದಿಕೆಯ ಬೆಳಕಿನಲ್ಲೇ ತೆಗೆದರು. ನರ್ತಕಿಯರ ಕೈಕಾಲು ಬೆಳಕಿನ ಗೆರೆಗಳಾಗಿ ಹರಿದವು, ದೀಪಗಳು ಹಬ್ಬಿ ಕಲೆಯಾದವು. ಅವರು ಅದನ್ನು ತಿದ್ದಲು ಹೋಗಲಿಲ್ಲ. 1945ರಲ್ಲಿ 104 ಚಿತ್ರಗಳನ್ನು ‘ಬ್ಯಾಲೆ’ ಎಂಬ ಪುಸ್ತಕವಾಗಿ ಪ್ರಕಟಿಸಿದರು. ಮುಂದೆ ಕ್ರೀಡಾ ಛಾಯಾಗ್ರಾಹಕರು ನಿಧಾನ ಶಟರಿನಲ್ಲಿ ಕ್ಯಾಮೆರಾವನ್ನು ಆಟಗಾರನ ಜತೆ ತಿರುಗಿಸುತ್ತ ತೆಗೆದ ಚಿತ್ರಗಳ ಹಿಂದೆ ಈ ಪುಸ್ತಕದ ಧೈರ್ಯವಿದೆ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ಕಡಿಮೆ ಬೆಳಕಿನ ಅಸ್ಪಷ್ಟತೆಗೆ ಚಲನೆಯ ದಾಖಲೆಯೆಂಬ ಗೌರವ ಮೊದಲು ಸಿಕ್ಕಿದ್ದು ನಾಟ್ಯದ ಚಿತ್ರಗಳಲ್ಲಿ.

ಫ್ಲ್ಯಾಶಿನ ಆಳ್ವಿಕೆ ಮತ್ತು ಅದರ ಗಡಿ

1929ರ ಸುಮಾರಿಗೆ ಬಂದ ಫ್ಲ್ಯಾಶ್ ಬಲ್ಬ್, 1930ರ ದಶಕದಲ್ಲಿ ಎಂಐಟಿಯ ಹೆರಾಲ್ಡ್ ಎಜರ್ಟನ್ ಬೆಳೆಸಿದ ಎಲೆಕ್ಟ್ರಾನಿಕ್ ಸ್ಟ್ರೋಬ್, ಇವೆರಡೂ ಒಳಾಂಗಣ ಕ್ರೀಡೆಯ ಪ್ರಶ್ನೆಗೆ ಬೇರೆಯೇ ಉತ್ತರ ಕೊಟ್ಟವು. ಬಾಕ್ಸಿಂಗ್ ರಿಂಗಿನ ಮೇಲೆ, ಬಾಸ್ಕೆಟ್‌ಬಾಲ್ ಅಂಕಣದ ಚಾವಣಿಯಲ್ಲಿ ಸ್ಟ್ರೋಬ್‌ಗಳನ್ನು ಕಟ್ಟುವುದು ಅಮೆರಿಕದಲ್ಲಿ ಪದ್ಧತಿಯಾಯಿತು. 1965ರ ಮೇ 25ರಂದು ಮೇನ್ ರಾಜ್ಯದ ಲೂಯಿಸ್ಟನ್‌ನಲ್ಲಿ ಸನ್ನಿ ಲಿಸ್ಟನ್ ಮೇಲೆ ಗರ್ಜಿಸುತ್ತ ನಿಂತ ಮುಹಮ್ಮದ್ ಅಲಿಯ ಚಿತ್ರವನ್ನು ನೀಲ್ ಲೀಫರ್ ತೆಗೆದದ್ದು ಹಾಗೆ ಮೇಲೆ ಕಟ್ಟಿದ ಸ್ಟ್ರೋಬ್ ಬೆಳಕಿನಲ್ಲಿ. ಒಮ್ಮೆ ಮಿಂಚಿದ ಸ್ಟ್ರೋಬ್ ಮತ್ತೆ ತುಂಬಿಕೊಳ್ಳಲು ಸಮಯ ಬೇಕು. ಆ ಕ್ಷಣಕ್ಕೆ ಸಿಗುವುದು ಒಂದೇ ಚಿತ್ರ. ಬಣ್ಣ ಸೊಗಸು, ಸ್ಪಷ್ಟತೆ ಅದ್ಭುತ, ಎರಡನೆಯ ಅವಕಾಶ ಇಲ್ಲ.

ಬ್ಯಾಡ್ಮಿಂಟನ್, ಜಿಮ್ನಾಸ್ಟಿಕ್ಸ್, ಟೇಬಲ್ ಟೆನಿಸ್‌ಗಳು ಈ ಪದ್ಧತಿಗೆ ಒಗ್ಗಲಿಲ್ಲ. ಸ್ಮ್ಯಾಷ್ ಕಾಯುವ ಆಟಗಾರ ಕತ್ತೆತ್ತಿ ನೋಡುತ್ತಿರುತ್ತಾನೆ, 10 ಸೆಂ.ಮೀ. ಅಗಲದ ಬೀಮಿನ ಮೇಲೆ ಹಿಂಪಲ್ಟಿ ಹೊಡೆಯುವ ಹುಡುಗಿಗೆ ಕಣ್ಣು ಕೋರೈಸಿದರೆ ಮೂಳೆ ಮುರಿಯಬಹುದು. ಇಂಥ ಕಡೆ ಫ್ಲ್ಯಾಶ್ ನಿಷೇಧ ಆಟಗಾರರ ರಕ್ಷಣೆಯ ನಿಯಮ, ಸೌಂದರ್ಯದ ಆಯ್ಕೆಯಲ್ಲ. ಬ್ಯಾಡ್ಮಿಂಟನ್ ಸಭಾಂಗಣದ ತೊಡಕು ಇನ್ನೂ ಒಂದು ಹೆಜ್ಜೆ ಮುಂದು. ಬಿಳಿ ಶಟಲ್ ಕಣ್ಣಿಗೆ ಕಾಣಲೆಂದು ಗೋಡೆಗಳು ಗಾಢ ಬಣ್ಣದಲ್ಲಿರುತ್ತವೆ, ದೀಪಗಳು ಅಂಕಣದ ನೆತ್ತಿಯ ಮೇಲಿರದೆ ಪಕ್ಕಗಳಲ್ಲಿರುತ್ತವೆ. ಆಟಕ್ಕೆ ಹಿತವಾದ ಈ ಏರ್ಪಾಡಿನಲ್ಲಿ ಛಾಯಾಗ್ರಾಹಕನಿಗೆ ಸಿಗುವುದು ಅರ್ಧ ಬೆಳಗಿದ ಮುಖ, ಕಪ್ಪು ಹಿನ್ನೆಲೆ.

ಹಾಗಾಗಿ ಈ ಆಟಗಳ ಛಾಯಾಗ್ರಾಹಕರು ಫಿಲ್ಮನ್ನೇ ನೆಚ್ಚಬೇಕಾಯಿತು. ಕೊಡಾಕ್ ಕಂಪನಿಯ ಟ್ರೈ-ಎಕ್ಸ್ 1954ರಲ್ಲಿ 35 ಮಿ.ಮೀ. ರೂಪದಲ್ಲಿ ಬಂತು, 1960ರಲ್ಲಿ ಮಾನದಂಡ ಬದಲಾದಾಗ ಅದರ ವೇಗ 400 ಎಂದು ನಮೂದಾಯಿತು. ಅದನ್ನು 800 ಅಥವಾ 1600 ಎಂದು ಭಾವಿಸಿ ತೆಗೆದು, ಡೆವಲಪರಿನಲ್ಲಿ ಹೆಚ್ಚು ಹೊತ್ತು ಇಡುವ ‘ಪುಷ್’ ಪತ್ರಿಕಾಲಯಗಳ ಡಾರ್ಕ್‌ರೂಮಿನ ನಿತ್ಯಕರ್ಮವಾಯಿತು. ಇದರಿಂದ ಬೆಳಗಿದ ಭಾಗಗಳು ಗಟ್ಟಿಯಾಗುತ್ತವೆ, ನೆರಳಿನಲ್ಲಿ ಇಲ್ಲದ ವಿವರ ಮಾತ್ರ ಎಷ್ಟು ಹೊತ್ತು ತೊಳೆದರೂ ಬರುವುದಿಲ್ಲ. ಹಳೆಯ ಕ್ರೀಡಾ ಪುಟಗಳ ಒಳಾಂಗಣ ಚಿತ್ರಗಳಲ್ಲಿ ಕಣ್ಣಿನ ಗುಳಿಗಳು ಕಪ್ಪಾಗಿ, ಹಣೆ ಬೆಳ್ಳಗಾಗಿ ಕಾಣುವುದಕ್ಕೆ ಮುದ್ರಣದಷ್ಟೇ ಈ ರಸಾಯನವೂ ಕಾರಣ.

ಉಳಿದದ್ದನ್ನು ದೇಹವೇ ಕಲಿಯಿತು. ನೆಗೆದವನು ತುದಿಯಲ್ಲಿ ಒಂದು ಗಳಿಗೆ ತೇಲುತ್ತಾನೆ ಎಂಬುದು ಬರೀ ಭ್ರಮೆಯಲ್ಲ. 60 ಸೆಂ.ಮೀ. ಜಿಗಿದ ವಾಲಿಬಾಲ್ ಆಟಗಾರ ಗಾಳಿಯಲ್ಲಿರುವುದು ಸುಮಾರು 0.7 ಸೆಕೆಂಡು, ಅದರ ಸರಿಯರ್ಧ ಕಾಲವನ್ನು ಅವನು ಮೇಲಿನ 15 ಸೆಂ.ಮೀ.ನಲ್ಲೇ ಕಳೆಯುತ್ತಾನೆ. ಆ ತುದಿಯಲ್ಲಿ ಸೆಕೆಂಡಿನ 125ನೇ ಒಂದು ಭಾಗದ ಶಟರ್ ಕೂಡ ಮೈಯನ್ನು ಸ್ಪಷ್ಟವಾಗಿ ಹಿಡಿಯುತ್ತದೆ, ಕೈ ಮತ್ತು ಚೆಂಡು ಮಾತ್ರ ಮಸುಕು. ಫಿಲ್ಮ್ ಕಾಲದ ಒಳಾಂಗಣ ಚಿತ್ರಗಳಲ್ಲಿ ನೆಗೆತದ ತುದಿಯೇ ಮತ್ತೆ ಮತ್ತೆ ಕಾಣಿಸುವುದಕ್ಕೆ ಇದೊಂದು ಭೌತಿಕ ಕಾರಣ. 1980ರ ಮಾರ್ಚ್‌ನಲ್ಲಿ ಲಂಡನ್ನಿನ ವೆಂಬ್ಲಿ ಅರೆನಾದಲ್ಲಿ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದ ಪ್ರಕಾಶ್ ಪಡುಕೋಣೆ ಅವರ ಆಟದ ಜೀವ ತಡೆದು ಆಡುವ ಹೊಡೆತದಲ್ಲಿತ್ತು. ಆ ಕಾಲದ ಶಟರ್ ವೇಗಕ್ಕೆ ಅಂಥ ಆಟ ಒಲಿಯುತ್ತಿತ್ತು. ಕಿಂಗ್ ಅವರ ಹಾರಿ ಹೊಡೆಯುವ ಸ್ಮ್ಯಾಷ್ ಒಲಿಯುತ್ತಿರಲಿಲ್ಲ. ನಮ್ಮ ಕಣ್ಣಲ್ಲಿ ಉಳಿದ ಹಳೆಯ ಆಟಗಾರರ ರೂಪವನ್ನು ಶಟರಿನ ವೇಗವೂ ಒಂದಿಷ್ಟು ಆರಿಸಿಕೊಟ್ಟಿದೆ.

ಟೆಲಿವಿಷನ್ ತಂದ ಬೆಳಕು

ಬಣ್ಣದ ಟೆಲಿವಿಷನ್ನಿನ ಆರಂಭಕಾಲದ ಕ್ಯಾಮೆರಾಗಳು ಬೆಳಕಿಗೆ ಬಾಯಿಬಿಡುತ್ತಿದ್ದವು. ಪ್ರೇಕ್ಷಕನ ಕಣ್ಣಿಗೆ ಸಾಕಾಗುವ ಬೆಳಕು ಅವಕ್ಕೆ ಸಾಲದು. 1960ರ ದಶಕದಲ್ಲಿ ಬಳಕೆಗೆ ಬಂದ ಮೆಟಲ್ ಹ್ಯಾಲೈಡ್ ದೀಪ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕು ಕೊಟ್ಟು, ಪಾದರಸ ದೀಪದ ಹಸಿರು ಛಾಯೆಯನ್ನೂ ತಗ್ಗಿಸಿತು. ಭಾರತದಲ್ಲಿ ಈ ಬದಲಾವಣೆಗೆ ಗುರುತು ಹಚ್ಚಬಹುದಾದ ವರ್ಷ 1982. ಆ ಆಗಸ್ಟ್‌ನಲ್ಲಿ ದೂರದರ್ಶನ ಬಣ್ಣಕ್ಕೆ ಬಂತು, ನವೆಂಬರ್‌ನಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟ ಶುರುವಾಯಿತು, ಅದಕ್ಕೆಂದು ಕಟ್ಟಿದ ಇಂದ್ರಪ್ರಸ್ಥ ಒಳಾಂಗಣ ಕ್ರೀಡಾಂಗಣ ಬಣ್ಣದ ಪ್ರಸಾರಕ್ಕೆ ತಯಾರಾಗಿತ್ತು. ಛಾಯಾಗ್ರಾಹಕರಿಗಾಗಿ ಯಾರೂ ಆ ದೀಪಗಳನ್ನು ಕಟ್ಟಿರಲಿಲ್ಲ. ಆದರೂ ಅಂಕಣದ ಬೆಳಕು ಎರಡರಷ್ಟಾದರೆ ಶಟರ್ ವೇಗವೂ ಎರಡರಷ್ಟಾಗುತ್ತದೆ. ಎರಡರಷ್ಟು ವೇಗದ ಹೊಸ ಫಿಲ್ಮ್ ಬಂದರೆ ಆಗುವ ಲಾಭವೂ ಅಷ್ಟೇ.

ಅದರ ಬೆನ್ನಿಗೇ ಲೆನ್ಸ್‌ಗಳೂ ಫಿಲ್ಮ್‌ಗಳೂ ಬಂದವು. ಕೊಡಾಕ್ 1988ರಲ್ಲಿ ತಂದ ಟಿ-ಮ್ಯಾಕ್ಸ್ ಪಿ3200, ಅದೇ ವರ್ಷ ಕ್ಯಾನನ್ ತಂದ 200 ಮಿ.ಮೀ. ಎಫ್/1.8 ಲೆನ್ಸ್ ಇವು ಒಳಾಂಗಣದವರ ಆಸೆಯ ಸಾಮಾನು. ಆದರೆ ಅಗಲ ಅಪರ್ಚರಿಗೆ ಬೆಲೆ ತೆರಬೇಕು: ಆ ಲೆನ್ಸನ್ನು ಪೂರ್ತಿ ತೆರೆದು 10 ಮೀಟರ್ ದೂರದ ಆಟಗಾರನ ಮೇಲೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 27 ಸೆಂ.ಮೀ. ಮಾತ್ರ. ನೆಟ್ಟಿನ ಪಟ್ಟಿಗೋ ಬುಟ್ಟಿಯ ಬಳೆಗೋ ಮೊದಲೇ ಫೋಕಸ್ ಇಟ್ಟು ಕಾಯುವ ಹಳೆಯ ಜಾಣ್ಮೆ ಅಲ್ಲಿಗೆ ಸಾಲದೆ, ಆಟೊಫೋಕಸ್ ಅನಿವಾರ್ಯವಾಯಿತು.

ಡಿಜಿಟಲ್ ಮತ್ತು ಮಿನುಗುವ ದೀಪ

1999ರ ನಿಕಾನ್ ಡಿ1 ಕ್ಯಾಮೆರಾದ ಮಿತಿ ಐಎಸ್‌ಒ 1600. ಅಲ್ಲಿಂದ ಎಂಟು ವರ್ಷಕ್ಕೆ, 2007ರಲ್ಲಿ ಬಂದ ಡಿ3 ಪೂರ್ಣ ಗಾತ್ರದ ಸೆನ್ಸರಿನಲ್ಲಿ 12.1 ಮೆಗಾಪಿಕ್ಸೆಲ್ ಮಾತ್ರ ಇಟ್ಟು ಐಎಸ್‌ಒ 6400 ತಲುಪಿತು. ಬೆಳಕು ಕಣಕಣವಾಗಿ ಬೀಳುವುದರಿಂದ ಸಣ್ಣ ಬಟ್ಟಲುಗಳಲ್ಲಿ ಹಿಡಿದ ಮಳೆಹನಿಗಳಂತೆ ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಲೆಕ್ಕ ಏರುಪೇರಾಗುತ್ತದೆ. ಹೆಚ್ಚು ಬೆಳಕು ಹಿಡಿಯುವ ದೊಡ್ಡ ಸೆನ್ಸರಿನಲ್ಲಿ ಆ ಏರುಪೇರು, ಅಂದರೆ ನಾಯ್ಸ್, ಕಡಿಮೆ. 500 ಲಕ್ಸ್‌ನ ನಮ್ಮ ಲೆಕ್ಕದಲ್ಲಿ 6400 ಇಟ್ಟರೆ ಎಫ್/2.8ಕ್ಕೆ ಸಿಗುವುದು ಸೆಕೆಂಡಿನ 1600ನೇ ಒಂದು ಭಾಗ. ಒಳಾಂಗಣ ಕ್ರೀಡೆಯ ಮಟ್ಟಿಗೆ ಲೈಕಾ ಬಂದ ನಂತರದ ಅತಿದೊಡ್ಡ ತಿರುವು ಇದೇ ಎಂಬುದು ನನ್ನ ಅಭಿಪ್ರಾಯ.

ಶಟರ್ ಇಷ್ಟು ಚುರುಕಾದಾಗ ಹಳೆಯ ದೀಪದ ಗುಟ್ಟು ಬಯಲಾಯಿತು. ಭಾರತದಲ್ಲಿ ವಿದ್ಯುತ್ 50 ಹರ್ಟ್ಸ್. ಅದರಲ್ಲಿ ಉರಿಯುವ ಡಿಸ್‌ಚಾರ್ಜ್ ದೀಪ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಫಿಲ್ಮ್ ಕಾಲದ ಸೆಕೆಂಡಿನ 100ನೇ ಒಂದು ಭಾಗದ ಶಟರ್ ಒಂದು ಪೂರ್ತಿ ಏರಿಳಿತವನ್ನು ನುಂಗಿಕೊಳ್ಳುತ್ತಿದ್ದರಿಂದ ಅದು ಯಾರಿಗೂ ಕಾಣಲಿಲ್ಲ. 1000ನೇ ಒಂದು ಭಾಗಕ್ಕೆ ಬಂದಾಗ ಒಂದು ಚಿತ್ರ ಬೆಳ್ಳಗೆ, ಮರುಚಿತ್ರ ಕಂದು, ಅದರ ಮುಂದಿನದರಲ್ಲಿ ಅಡ್ಡಪಟ್ಟೆ. 2014ರ ಕ್ಯಾನನ್ 7ಡಿ ಮಾರ್ಕ್ 2 ದೀಪದ ಏರಿಳಿತವನ್ನು ಅಳೆದು, ಬೆಳಕು ಶಿಖರಕ್ಕೆ ಬಂದಾಗಲೇ ಶಟರ್ ಬಿಡುವ ಉಪಾಯ ತಂದಿತು. ಕ್ಯಾಮೆರಾ ಇಲ್ಲಿ ದೀಪಕ್ಕೆ ತಾಳ ಕೂಡಿಸುವುದನ್ನು ಕಲಿಯಿತು. ಎಲ್‌ಇಡಿ ಫಲಕಗಳು ಬಂದ ಮೇಲೆ ಈ ತಾಳ ಫಲಕದಿಂದ ಫಲಕಕ್ಕೆ ಬೇರೆಯಾಗಿದೆ. ಸಾಲುಸಾಲಾಗಿ ಓದುವ ಎಲೆಕ್ಟ್ರಾನಿಕ್ ಶಟರ್‌ಗಳ ಈ ಪಟ್ಟೆಗೆ ಉತ್ತರವಾಗಿ ಸೋನಿ 2023ರಲ್ಲಿ ಇಡೀ ಸೆನ್ಸರನ್ನು ಒಮ್ಮೆಲೇ ಓದುವ ಎ9 III ಮಾದರಿಯನ್ನು ಪ್ರಕಟಿಸಿತು. ಅದರ ಮೂಲ ಐಎಸ್‌ಒ 250. ಕತ್ತಲಿನಲ್ಲಿ ಅದು ಸ್ವಲ್ಪ ನಾಯ್ಸಿನ ತೆರಿಗೆ ಕಟ್ಟುತ್ತದೆ.

ಕರ್ನಾಟಕದಲ್ಲಿ ಈ ಇಡೀ ಚರಿತ್ರೆಯನ್ನು ಕಬಡ್ಡಿ ಒಂದೇ ಆಟದಲ್ಲಿ ಓದಬಹುದು. ಮಣ್ಣಿನ ಅಂಕಣದಲ್ಲಿ, ಕಂಬಕ್ಕೆ ಕಟ್ಟಿದ ಫೋಕಸ್ ಲೈಟುಗಳ ಕೆಳಗೆ ನಡೆಯುವ ಹೊನಲು ಬೆಳಕಿನ ಪಂದ್ಯಾವಳಿಗಳು ನಮ್ಮ ಊರುಗಳಿಗೆ ಹೊಸವಲ್ಲ. 2014ರಲ್ಲಿ ಪ್ರೊ ಕಬಡ್ಡಿ ಆರಂಭವಾಗಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣಕ್ಕೂ ಬಂದಾಗ ಅದೇ ಆಟ ಟೆಲಿವಿಷನ್ ದೀಪದಡಿ, ಮ್ಯಾಟಿನ ಮೇಲೆ ನಡೆಯಿತು. 30 ಸೆಕೆಂಡಿನ ರೇಡಿನಲ್ಲಿ ಏಳು ಜನ ಒಬ್ಬನ ಮೇಲೆ ಬೀಳುವ ಗಳಿಗೆಯಲ್ಲಿ ಬೆರಳು ಗೆರೆ ಮುಟ್ಟಿತೇ ಎಂಬುದನ್ನು ಚಿತ್ರ ಹೇಳತೊಡಗಿತು. ಇಂಥ ಚಿತ್ರಕ್ಕೆ ಸಾಕ್ಷಿಯ ಬೆಲೆಯಿದೆ. 2023ರಿಂದ ಸಾಮಾನ್ಯ ತಂತ್ರಾಂಶಗಳಲ್ಲೂ ಸಿಗುತ್ತಿರುವ ಕೃತಕ ಬುದ್ಧಿಮತ್ತೆಯ ನಾಯ್ಸ್ ನಿವಾರಣೆಯನ್ನು ನಾನು ಪತ್ರಿಕಾ ಚಿತ್ರದ ಮಟ್ಟಿಗೆ ಒಪ್ಪಲಾರೆ; ಅದು ನಾಯ್ಸ್ ತೆಗೆದ ಜಾಗದಲ್ಲಿ ಊಹೆಯನ್ನು ತುಂಬುತ್ತದೆ, ಬೆರಳಿನ ತುದಿಯಲ್ಲೂ.

ಟೆಲಿವಿಷನ್ ಬಾರದ ಸಭಾಂಗಣಗಳ ಚರಿತ್ರೆ ಇನ್ನೂ ಬರೆಯಬೇಕಿದೆ. ಅಂಕಣದಲ್ಲಿ 300 ಲಕ್ಸ್ ಇರುವ ಒಂದು ಜಿಲ್ಲಾ ಒಳಾಂಗಣವನ್ನು ಊಹಿಸಿಕೊಳ್ಳೋಣ. 400 ವೇಗದ ಫಿಲ್ಮ್ ಮತ್ತು ಎಫ್/2.8 ಲೆನ್ಸ್ ಅಲ್ಲಿ ಕೊಡುತ್ತಿದ್ದುದು ಸೆಕೆಂಡಿನ 60ನೇ ಒಂದು ಭಾಗ. ಅದೇ ಲೆನ್ಸಿಗೆ ಐಎಸ್‌ಒ 6400 ಇಟ್ಟರೆ ಹೆಚ್ಚುಕಡಿಮೆ 1000ನೇ ಒಂದು ಭಾಗ ಸಿಗುತ್ತದೆ. ಶಾಲಾ ಮಟ್ಟದ ಬ್ಯಾಡ್ಮಿಂಟನ್ ಆಡುವ ಹುಡುಗಿಯ ಸ್ಮ್ಯಾಷ್ ಈಗ ಆ ದೀಪದಲ್ಲೇ, ಅವಳ ಕಣ್ಣಿಗೆ ಒಂದು ಮಿಂಚೂ ಹೊಡೆಯದೆ ದಾಖಲಾಗಬಲ್ಲದು.