ಕೈಗಾದ ಸುದ್ದಿ, ಜನರ ಭಯ

2009ರ ನವೆಂಬರದ ಕೊನೆಯಲ್ಲಿ ಗಬ್ಬೂರಿನ ತಾಯಿಯೊಬ್ಬರು ನಮ್ಮ ಬಳಿಗೆ ಬಂದು, ‘ಅಜ್ಜಾರ, ಮಗಳನ್ನ ಕಾರವಾರಕ್ಕ ಕೊಟ್ಟೇನ್ರಿ. ಅಲ್ಲಿ ನೀರು ಕುಡೀಬಹುದೇನ್ರಿ?’ ಎಂದು ಕೇಳಿದರು. ಕೈಗಾ ಅಣುಸ್ಥಾವರದಲ್ಲಿ ವಿಕಿರಣ ಸೋರಿತೆಂಬ ಸುದ್ದಿ ಆಗ ದೂರದರ್ಶನದಲ್ಲಿ ಹಗಲಿರುಳು ಮೊಳಗುತ್ತಿತ್ತು.

ಸದ್ಭಕ್ತರೇ, ಆಗ ನಡೆದುದೇನು? ಭಾರಜಲ ಬಳಸುವ ಸ್ಥಾವರಗಳಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕವು ಹುಟ್ಟುತ್ತದೆ. ಅಂತಹ ನೀರು ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರಿಗೆ ಸೇರಿತ್ತು. ಯಾರೋ ಬೇಕೆಂದೇ ಬೆರೆಸಿದರೆಂದು ಅಧಿಕಾರಿಗಳು ಹೇಳಿದರು. ಅನೇಕ ಕೆಲಸಗಾರರ ಮೂತ್ರಪರೀಕ್ಷೆಯಲ್ಲಿ ಅದು ಕಂಡುಬಂದಿತು. ದೇಹ ಸೇರಿದ ಟ್ರಿಟಿಯಂ ಸುಮಾರು 10 ದಿನಗಳಲ್ಲಿ ಅರ್ಧದಷ್ಟು ಹೊರಹೋಗುತ್ತದೆ; ಹೆಚ್ಚು ನೀರು ಕುಡಿದರೆ ಇನ್ನೂ ಬೇಗ. ಆ ನೀರು ಸ್ಥಾವರದಿಂದ ಹೊರಗೆ ಹರಿದಿರಲಿಲ್ಲ. ಇದನ್ನು ವಿಚಾರಿಸಿ ತಿಳಿದ ಮೇಲೆಯೇ ನಾವು ಆ ತಾಯಿಗೆ ‘ಕುಡಿಯಬಹುದು’ ಎಂದೆವು.

ಆದರೂ ಅವರ ಭಯವನ್ನು ಮೌಢ್ಯವೆನ್ನಲಾರೆವು. 1986ರ ಏಪ್ರಿಲ್ 26ರ ಚೆರ್ನೋಬಿಲ್ ದುರಂತವನ್ನು ಸೋವಿಯತ್ ಸರಕಾರ ಮುಚ್ಚಿಟ್ಟಿತ್ತು. ಸ್ವೀಡನ್ನಿನವರು ತಮ್ಮ ನೆಲದಲ್ಲಿ ವಿಕಿರಣವನ್ನು ಗುರುತಿಸಿದ ಮೇಲೆಯೇ ಬಾಯಿಬಿಟ್ಟಿತು. 1994ರ ಮೇ 13ರಂದು ಕೈಗಾದಲ್ಲಿಯೇ, ಕಟ್ಟುತ್ತಿದ್ದ ಸ್ಥಾವರದ ಗುಮ್ಮಟ ಕುಸಿಯಿತು. ಇಂಧನವನ್ನಿನ್ನೂ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಮಾತಿರಲಿಲ್ಲ; ಆದರೆ ಜನರ ನಂಬಿಕೆಗೆ ಪೆಟ್ಟು ಬಿದ್ದಿತು. ಒಮ್ಮೆ ಹೋದ ನಂಬಿಕೆ ಪ್ರಕಟಣೆಯೊಂದರಿಂದ ಮರಳಿ ಬಾರದು.

ಆದುದರಿಂದ ಇಂತಹ ಸುದ್ದಿ ಕೇಳಿದಾಗ ನೀವು ಮೊದಲು ವಿಚಾರಿಸಿರಿ: ಏನು ಸೋರಿತು, ಎಷ್ಟು, ಎಲ್ಲಿಯವರೆಗೆ? ಉತ್ತರ ಹೇಳಬೇಕಾದವರನ್ನು ಕೇಳದೆ ಬಿಡಬೇಡಿರಿ.