ಎದೆ ಸೀಳದೆ ನಾಯಿಮರಿಯ ಹೃದಯ ದುರಸ್ತಿ

ವೈದ್ಯಕೀಯದ ಹೊಸ ಚಿಕಿತ್ಸೆಗಳೆಲ್ಲ ಮೊದಲು ಮನುಷ್ಯರಿಗೆ, ಆಮೇಲೆ ಸಾಕುಪ್ರಾಣಿಗಳಿಗೆ ಎಂಬ ನಂಬಿಕೆ ಸಾಮಾನ್ಯ. ಆದರೆ ಹೃದಯದ ಕವಾಟವನ್ನು ಬಲೂನಿನಿಂದ ಬಿಡಿಸುವ ಚಿಕಿತ್ಸೆ ಮೊದಲು ದಕ್ಕಿದ್ದು ಒಂದು ಇಂಗ್ಲಿಷ್ ಬುಲ್‌ಡಾಗ್‌ಗೆ. 1980ರ ಸುಮಾರಿಗೆ ಅಮೆರಿಕದ ಪಶುವೈದ್ಯ ಜೇಮ್ಸ್ ಬುಕಾನನ್ ಮತ್ತು ಅವರ ಸಂಗಡಿಗ ವಿಕಿರಣತಜ್ಞರು ಅದನ್ನು ಮಾಡಿದ್ದರು. ಜಾನ್ಸ್ ಹಾಪ್ಕಿನ್ಸ್‌ನ ವೈದ್ಯೆ ಜೀನ್ ಕ್ಯಾನ್ ಮಕ್ಕಳಲ್ಲಿ ಇದೇ ಚಿಕಿತ್ಸೆ ಮಾಡಿ ವರದಿ ಪ್ರಕಟಿಸಿದ್ದು 1982ರಲ್ಲಿ. ಬುಲ್‌ಡಾಗ್‌ನ ಪ್ರಸಂಗ ಪಶುವೈದ್ಯಕೀಯ ನಿಯತಕಾಲಿಕದಲ್ಲಿ ಇತಿಹಾಸದ ಟಿಪ್ಪಣಿಯಾಗಿ ಬಂದದ್ದು ಮಾತ್ರ 2002ರಲ್ಲಿ.

ನಾಯಿಗಳಲ್ಲಿ ಹುಟ್ಟಿನಿಂದಲೇ ಬರುವ ಹೃದಯದೋಷಗಳಲ್ಲಿ ಮೂರು ಹೆಚ್ಚು ಕಾಣುತ್ತವೆ: ಮುಚ್ಚದೆ ಉಳಿದ ನಾಳ, ಅಂದರೆ ಪಿಡಿಎ, ಶ್ವಾಸಕೋಶದ ಕಡೆಯ ಕವಾಟದ ಬಿಗಿತ, ಮಹಾಪಧಮನಿಯ ಕವಾಟದ ಕೆಳಗಿನ ಬಿಗಿತ. ಮರಿ ಗರ್ಭದಲ್ಲಿರುವಾಗ ಶ್ವಾಸಕೋಶಕ್ಕೆ ಕೆಲಸವಿಲ್ಲ. ಅಲ್ಲಿಗೆ ಹೋಗಬೇಕಾದ ರಕ್ತವನ್ನು ಒಂದು ಚಿಕ್ಕ ನಾಳ ನೇರ ಮಹಾಪಧಮನಿಗೆ ದಾಟಿಸುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಅದು ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ರಕ್ತ ತಿರುಗಿ ಶ್ವಾಸಕೋಶಕ್ಕೆ ನುಗ್ಗಿ, ಹೃದಯದ ಎಡಭಾಗ ಹಿಗ್ಗುತ್ತಾ ಸೋಲುತ್ತದೆ. ಸ್ಟೆತಾಸ್ಕೋಪ್ ಇಟ್ಟರೆ ಹಿಟ್ಟಿನ ಗಿರಣಿಯಂತೆ ಬಿಡುವಿಲ್ಲದ ಸದ್ದು. ಚಿಕಿತ್ಸೆ ಸಿಗದಿದ್ದರೆ ಅರ್ಧಕ್ಕಿಂತ ಹೆಚ್ಚು ಮರಿಗಳು ದೋಷ ಪತ್ತೆಯಾದ ಒಂದು ವರ್ಷದೊಳಗೆ ಸಾಯುತ್ತವೆ.

ಬಾಸ್ಟನ್ನಿನ ಶಸ್ತ್ರವೈದ್ಯ ರಾಬರ್ಟ್ ಗ್ರಾಸ್ 1938ರಲ್ಲಿ ಒಬ್ಬ ಬಾಲಕಿಯ ಎದೆ ತೆರೆದು ಈ ನಾಳಕ್ಕೆ ದಾರ ಕಟ್ಟಿದರು. ನಾಯಿಗಳಿಗೂ ದಶಕಗಳ ಕಾಲ ಅದೇ ದಾರಿ. ಕೈ ಪಳಗಿದವರಿಗೆ ಅದು ಇಂದಿಗೂ ಒಳ್ಳೆಯ ಶಸ್ತ್ರಚಿಕಿತ್ಸೆಯೇ. ಆದರೆ ಪಕ್ಕೆಲುಬುಗಳ ನಡುವೆ ಸೀಳಬೇಕು, ನಾಳದ ತೆಳು ಗೋಡೆ ಹರಿದರೆ ರಕ್ತಸ್ರಾವ ಪ್ರಾಣಕ್ಕೇ ಕುತ್ತು. 1990ರ ದಶಕದಲ್ಲಿ ಪಶುವೈದ್ಯರು ಮನುಷ್ಯರಿಗೆಂದು ತಯಾರಾದ ಲೋಹದ ಸುರುಳಿಗಳನ್ನು ಕ್ಯಾತಿಟರ್ ಎಂಬ ತೆಳು ಕೊಳವೆಯ ಮೂಲಕ ನಾಳದೊಳಗೆ ಇಳಿಸತೊಡಗಿದರು. ಸುರುಳಿಯ ಎಳೆಗಳ ಸುತ್ತ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತಿತ್ತು. ನಾಳ ದೊಡ್ಡದಿದ್ದರೆ ಮಾತ್ರ ಸುರುಳಿ ಜಾರಿ ಶ್ವಾಸಕೋಶದ ನಾಳಗಳಿಗೆ ಸೇರುತ್ತಿತ್ತು, ಇಲ್ಲವೇ ಸೋರಿಕೆ ಉಳಿಯುತ್ತಿತ್ತು.

ನಾಯಿಯ ನಾಳಕ್ಕೆ ತನ್ನದೇ ಆಕಾರವಿದೆ ಎಂಬುದನ್ನು ಗಮನಿಸಿದ ಮೇಲೆ ಚಿತ್ರ ಬದಲಾಯಿತು. ಬಹುಪಾಲು ನಾಯಿಗಳಲ್ಲಿ ಅದು ಮಹಾಪಧಮನಿಯ ಕಡೆ ಅಗಲವಾಗಿದ್ದು, ಶ್ವಾಸಕೋಶದ ಅಪಧಮನಿ ಸೇರುವಲ್ಲಿ ಥಟ್ಟನೆ ಕಿರಿದಾಗುತ್ತದೆ. ಈ ಆಕಾರಕ್ಕೆ ತಕ್ಕಂತೆ ನಾಯಿಗಳಿಗೆಂದೇ ರೂಪಿಸಿದ ‘ಆಂಪ್ಲಾಟ್ಜ್ ಕೆನೈನ್ ಡಕ್ಟ್ ಆಕ್ಲೂಡರ್’ 2007ರಲ್ಲಿ ವೈದ್ಯಕೀಯ ಸಾಹಿತ್ಯಕ್ಕೆ ಬಂತು. ಹೆಸರು ಮಿನ್ನೆಸೋಟಾದ ವಿಕಿರಣತಜ್ಞ ಕರ್ಟ್ ಆಂಪ್ಲಾಟ್ಜ್ ಅವರದು. ನಿಕಲ್ ಮತ್ತು ಟೈಟಾನಿಯಂ ಬೆರೆತ ನಿಟಿನಾಲ್ ತಂತಿಯ ಹೆಣಿಗೆ ಅದು; ಕೊಳವೆಯೊಳಗೆ ಸೆಳೆದರೆ ನೀಳವಾಗುತ್ತದೆ, ಹೊರಬಂದರೆ ಮೊದಲಿನ ಆಕಾರಕ್ಕೆ ಮರಳುತ್ತದೆ.

ತೊಡೆಯ ಅಪಧಮನಿಯಿಂದ ಕ್ಯಾತಿಟರ್ ಏರಿಸಿ, ಮಹಾಪಧಮನಿ ಹಾದು, ನಾಳ ದಾಟಿ ಶ್ವಾಸಕೋಶದ ಅಪಧಮನಿಗೆ ಮುಟ್ಟಿಸುತ್ತಾರೆ. ಅಲ್ಲಿ ಸಾಧನದ ಚಪ್ಪಟೆ ಬಿಲ್ಲೆ ಬಿಚ್ಚಿಕೊಳ್ಳುತ್ತದೆ. ಅದನ್ನು ಹಿಂದಕ್ಕೆಳೆದು ಕಿರಿದಾದ ಬಾಯಿಗೆ ತಾಗಿಸಿ, ಕೊಳವೆ ಸರಿಸಿದರೆ ಬಟ್ಟಲಿನಂಥ ಭಾಗ ಅಗಲದ ಕಡೆ ಅರಳುತ್ತದೆ. ಸಾಧನದ ನಡುವಿನ ಸೊಂಟದ ಅಳತೆ ನಾಳದ ಅತಿ ಕಿರಿದಾದ ಜಾಗದ ಒಂದೂವರೆಯಿಂದ ಎರಡು ಪಟ್ಟು ಇರಬೇಕು. ವೈದ್ಯರು ಸಾಧನಕ್ಕೆ ತಿರುಪಿನಿಂದ ಜೋಡಿಸಿದ ತಂತಿಯನ್ನು ಹಿಂದೆ ಮುಂದೆ ಅಲುಗಾಡಿಸಿ, ಸಾಧನ ಕದಲುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ತಿರುಪು ಬಿಚ್ಚುತ್ತಾರೆ.

ಶ್ವಾಸಕೋಶದ ಕಡೆಯ ಕವಾಟದ ಬಿಗಿತದಲ್ಲಿ ಕತ್ತಿನ ಅಥವಾ ತೊಡೆಯ ಅಭಿಧಮನಿಯಿಂದ ಬಲೂನ್ ಒಯ್ದು, ಅಂಟಿಕೊಂಡ ಎಸಳುಗಳ ನಡುವೆ ಕ್ಷಣಕಾಲ ಉಬ್ಬಿಸುತ್ತಾರೆ. ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಕವಾಟದ ಆಚೀಚೆಯ ಒತ್ತಡದ ಅಂತರ 80 ಎಂಎಂ ಪಾದರಸ ಮೀರಿದರೆ ತೀವ್ರ; ಅದನ್ನು ಅರ್ಧಕ್ಕಿಳಿಸಿದರೆ ಗೆದ್ದಂತೆ. ಆದರೆ ಮೊದಲು ಪ್ರಯೋಜನ ಪಡೆದ ಬುಲ್‌ಡಾಗ್ ತಳಿಯಲ್ಲೇ ಒಂದು ಅಪಾಯವಿದೆ. ಕೆಲವು ಬುಲ್‌ಡಾಗ್‌ಗಳಲ್ಲಿ ಹೃದಯಕ್ಕೆ ರಕ್ತ ಕೊಡುವ ಎಡ ಕರೋನರಿ ನಾಳವು ಬಲಗಡೆಯಿಂದ ಹೊರಟು ಈ ಕವಾಟದ ಬುಡವನ್ನೇ ಬಳಸಿರುತ್ತದೆ. ಬಲೂನ್ ಉಬ್ಬಿದರೆ ಅದು ಹರಿಯಬಹುದು. 1990ರಲ್ಲಿ ಇದನ್ನು ವಿವರಿಸಿದವರೂ ಬುಕಾನನ್ ಅವರೇ.

ಎಲ್ಲ ದೋಷಕ್ಕೂ ಬಲೂನೇ ಮದ್ದಲ್ಲ. ಮಹಾಪಧಮನಿಯ ಕೆಳಗಿನ ತೀವ್ರ ಬಿಗಿತದಲ್ಲಿ, ಅಟೆನೋಲಾಲ್ ಮಾತ್ರೆ ನುಂಗಿದ ನಾಯಿಗಳಿಗಿಂತ ಬಲೂನ್ ಚಿಕಿತ್ಸೆ ಪಡೆದವು ಹೆಚ್ಚು ಕಾಲ ಬದುಕಲಿಲ್ಲ ಎಂದು 2005ರ ಅಧ್ಯಯನ ತೋರಿಸಿತು. ಪಿಡಿಎ ಇದ್ದರೂ ಮೂರು ಕಿಲೋ ತೂಗದ ಮರಿಗಳ ತೊಡೆಯ ನಾಳ ಕೊಳವೆಗೆ ಸಾಲದು. ಅವಕ್ಕೆ ಈಗಲೂ ಹಲವೊಮ್ಮೆ ಶಸ್ತ್ರಚಿಕಿತ್ಸೆಯೇ ಗತಿ. ಪಿಡಿಎಯಲ್ಲಿ ರಕ್ತದ ಹರಿವು ಒಮ್ಮೆ ಹಿಮ್ಮುಖವಾಗಿ ಮಹಾಪಧಮನಿಯ ಕಡೆ ತಿರುಗಿದರೆ ನಾಳ ಮುಚ್ಚುವಂತೆಯೇ ಇಲ್ಲ.

ಎರವಲು ಸಾಧನದಿಂದ ಆರಂಭವಾದ ಈ ಕ್ಷೇತ್ರ ನಿಜವಾಗಿ ಬೆಳೆದದ್ದು ನಾಯಿಯ ದೇಹವನ್ನೇ ಅಳೆದು ನೋಡಿದಾಗ. ನಮ್ಮ ಮನೆಗಳಲ್ಲಿ ಹೆಚ್ಚು ಸಾಕುವ ಪೊಮೆರೇನಿಯನ್, ಜರ್ಮನ್ ಶೆಫರ್ಡ್ ಎರಡೂ ಪಿಡಿಎ ಹೆಚ್ಚಾಗಿ ಕಾಣುವ ತಳಿಗಳು. ಮರಿಯನ್ನು ಮೊದಲ ಲಸಿಕೆಗೆ ಕರೆದೊಯ್ದಾಗ ಎಡ ಮುಂಗಾಲಿನ ಕಂಕುಳವರೆಗೆ ಸ್ಟೆತಾಸ್ಕೋಪ್ ಒಯ್ದು ಎದೆಯ ಸದ್ದನ್ನೂ ಆಲಿಸುವಂತೆ ವೈದ್ಯರಿಗೆ ಹೇಳಿ. ದೋಷ ಕಂಡರೆ ತಡಮಾಡದೆ ಎಕೋ ಮಾಡಿಸಿ. ಚಿಕಿತ್ಸೆಯಿಂದ ಗುಣವಾದರೂ ಆ ನಾಯಿಯಿಂದ ಮರಿ ಮಾಡಿಸಬೇಡಿ.