ದೂರದ ಆಸ್ಪತ್ರೆ, ಹತ್ತಿರದ ಮಾತ್ರೆ

ಹುಮನಾಬಾದ್, ಬಸವಕಲ್ಯಾಣದ ಕಡೆ ಮನೆಯಲ್ಲಿ ಒಬ್ಬರ ಬುದ್ಧಿ ಸ್ಥಿಮಿತ ತಪ್ಪಿದರೆ ಹಲವರಿಗೆ ಮೊದಲು ನೆನಪಾಗುವುದು ಗಾಣಗಾಪುರ. ಭೀಮಾ–ಅಮರ್ಜಾ ಸಂಗಮದ ಆ ದತ್ತಕ್ಷೇತ್ರಕ್ಕೆ ಇಂಥವರನ್ನು ಕರೆದೊಯ್ಯುವ ವಾಡಿಕೆ ಹಳೆಯದು. ಇದು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವವರು ದಾರಿಯ ಲೆಕ್ಕವನ್ನು ಮರೆಯುತ್ತಾರೆ. ಗಾಣಗಾಪುರಕ್ಕೆ ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ತಲುಪಬಹುದು. ಬೆಂಗಳೂರು 600 ಕಿ.ಮೀ.ಗೂ ಆಚೆಗಿದೆ.

ಬೆಂಗಳೂರಿನ ‘ಹುಚ್ಚಾಸ್ಪತ್ರೆ’ಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂದಿತು. 1974ರಲ್ಲಿ ಅದು ನಿಮ್ಹಾನ್ಸ್‌ನಲ್ಲಿ ಸೇರಿತು. ಆಗಲೇ ಅಲ್ಲಿನ ವೈದ್ಯರನ್ನು ಒಂದು ಪ್ರಶ್ನೆ ಕಾಡುತ್ತಿತ್ತು. ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ವರ್ಷಗಟ್ಟಲೆ ಮಾತ್ರೆ ಬೇಕು. ಆಸ್ಪತ್ರೆಯಲ್ಲಿ ಚೇತರಿಸಿಕೊಂಡು ಊರಿಗೆ ಮರಳಿದವನು ಅಲ್ಲಿ ಮಾತ್ರೆ ಸಿಗದೆ ನಿಲ್ಲಿಸಿಬಿಟ್ಟರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ಪ್ರತಿ ತಿಂಗಳೂ ಕೂಲಿ ಬಿಟ್ಟು, ಬಸ್ಸಿಗೆ ಸಾಲ ಮಾಡಿ ಬರಲು ಎಷ್ಟು ಮನೆಯವರಿಗೆ ಸಾಧ್ಯ?

ಹೀಗೆ ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ 1970ರ ದಶಕದಲ್ಲಿ ಪ್ರಯೋಗ ಆರಂಭವಾಯಿತು. 1985ರಲ್ಲಿ ಅದನ್ನು ಇಡೀ ಬಳ್ಳಾರಿ ಜಿಲ್ಲೆಗೆ ವಿಸ್ತರಿಸಲಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮನೋರೋಗದ ತರಬೇತಿ ಸಿಕ್ಕಿತು. ಕೆಲವೇ ಬಗೆಯ ಅಗತ್ಯ ಔಷಧಿಗಳು ಅಲ್ಲಿಗೇ ಬಂದವು. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರು ರೋಗಿಗಳನ್ನು ಗುರುತಿಸಿ, ಮಾತ್ರೆ ಬಿಟ್ಟವರನ್ನು ವಿಚಾರಿಸತೊಡಗಿದರು. ನಮ್ಮ ಕಣ್ಣಿಗೆ ಇದರಲ್ಲಿ ಹೆಚ್ಚು ಮುಖ್ಯವಾದುದು ಈ ವಿಚಾರಿಸುವ ಕೆಲಸವೇ. ಕೇಂದ್ರ ಸರ್ಕಾರ 1996ರಲ್ಲಿ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು.

ಮಾದರಿ ಹರಡಿದಷ್ಟು ಸುಲಭವಾಗಿ ಅದರ ಸತ್ವ ಹರಡಲಿಲ್ಲ. ತರಬೇತಿ ಪಡೆದ ವೈದ್ಯರಿಗೆ ವರ್ಗವಾಗುತ್ತದೆ, ಮನೋವೈದ್ಯರ ಹುದ್ದೆ ಖಾಲಿ ಉಳಿಯುತ್ತದೆ, ಔಷಧಿ ಮುಗಿದುಹೋಗುತ್ತದೆ. ಅನೇಕ ಜಿಲ್ಲೆಗಳಿಂದ ಕೇಳಿಬಂದ ದೂರುಗಳಿವು.

2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ರೋಗಿಗಳು ಓಡಲಾಗದೆ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಯಾವ ರೂಪದಲ್ಲಿಯೂ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಚಿಕಿತ್ಸೆಗಾಗಿ ಯಾರೂ ಬಹುದೂರ ಅಲೆಯಬೇಕಾಗಬಾರದು ಎಂದೂ ಅದರಲ್ಲಿದೆ. ದೂರವೆಂದರೆ ಎಷ್ಟೆಂಬುದನ್ನು ಮಾತ್ರ ಅದು ಹೇಳಿಲ್ಲ! ಆದರೆ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮನೋರೋಗದ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಸದಾ ಉಚಿತವಾಗಿ ಸಿಗಬೇಕೆಂದು ಸ್ಪಷ್ಟವಾಗಿದೆ. ಹುಮನಾಬಾದ್ ಮತ್ತು ಬಸವಕಲ್ಯಾಣದ ತಾಲ್ಲೂಕು ಆಸ್ಪತ್ರೆಗಳೂ ಈ ಮಾತಿಗೆ ಒಳಪಟ್ಟಿವೆ.